ಪೆಟ್ಟಿಗೆ ಕಾಯುವ ಅತ್ತಿಗೆ

ನನ್ನ ಗಂಡನ ಅಕ್ಕನಿಗೆ ಲ್ಯಾಬಿನವರೆಲ್ಲ ಬೆನ್ನ ಹಿಂದೆ ಕರ್ಫ್ಯೂ ಅನ್ನುತ್ತಿದ್ದರು. ಆ ಹೆಸರಿಟ್ಟವಳು ನಾನೇ. ಮನೆಯಲ್ಲಿ ಅತ್ತಿಗೆ, ಕೆಲಸದಲ್ಲಿ ಮೇಲಿನವಳು. ಒಂದೇ ಮೂತಿಯನ್ನು ಹಗಲೂ ರಾತ್ರಿ ನೋಡುವ ಕರ್ಮ ನನ್ನದು. ಈ ಕೆಲಸ ಕೊಡಿಸಿದ್ದು ಆಕೆ. ಊಟಕ್ಕೆ ಕೂತಾಗಲೆಲ್ಲ ಅದನ್ನು ನೆನಪಿಸುವುದೂ ಆಕೆಯೇ.

ನಮ್ಮ ಕೆಲಸ ಜೀವಕೋಶ ಸಾಕುವುದು. ಪ್ಲಾಸ್ಟಿಕ್ ತಟ್ಟೆಯಲ್ಲಿ ಗುಲಾಬಿ ಬಣ್ಣದ ದ್ರವ, ಅದರ ತಳದಲ್ಲಿ ಬರಿಗಣ್ಣಿಗೆ ಕಾಣದ ಕೋಶಗಳು. ಒಂದೊಂದು ಕೋಶದೊಳಗೂ ಎಳೆಗಳ ಅಸ್ಥಿಪಂಜರವಿದೆ. ನಮ್ಮ ಮೂಳೆಯ ಹಾಗೆ ಅದು ಒಮ್ಮೆ ಕೂಡಿಕೊಂಡು ಸುಮ್ಮನಿರುವುದಿಲ್ಲ, ಕಟ್ಟುತ್ತ ಬಿಚ್ಚುತ್ತ ಇರುತ್ತದೆ. ಯಾವಾಗ ಕಟ್ಟಬೇಕು, ಯಾವಾಗ ಬಿಚ್ಚಬೇಕು ಎಂದು ಹುಕುಂ ಕೊಡುವುದು ಪುಟಾಣಿ ಪ್ರೋಟೀನುಗಳು. ರಾಕ್ ಎಂಬುದು ಚಾಲೂ ಆದರೆ ಕೋಶ ಕಾಲು ಚಾಚಿ ಮುಂದೆ ತೆವಳುತ್ತದೆ. ರೋ ಎಂಬುದು ಅತಿಯಾಗಿ ಚಾಲೂ ಆದರೆ ಮುಷ್ಟಿ ಬಿಗಿದಂತೆ ಮುದುಡುತ್ತದೆ. ಅತ್ತಿಗೆಗೆ ಹುಟ್ಟಿದಾಗಿನಿಂದ ರೋ ಚಾಲೂ ಇದೆ ಎಂದು ನನ್ನ ಅಭಿಪ್ರಾಯ.

ತಟ್ಟೆಯ ನಡುವೆ ಕೆರೆದು ಒಂದು ಗೆರೆ ಎಳೆದು, ಬೆಚ್ಚನೆಯ ಪೆಟ್ಟಿಗೆಯಲ್ಲಿಡುತ್ತೇವೆ. ಎರಡೂ ದಡದ ಕೋಶಗಳು ತೆವಳಿ ಬಂದು ಮರುದಿನದೊಳಗೆ ಆ ಗೆರೆ ಮುಚ್ಚಬೇಕು. ಮುಚ್ಚುತ್ತಿರಲಿಲ್ಲ. ಲ್ಯಾಬಿನ ಯಜಮಾನರಾದ ಸಾರ್ ತಲೆ ಕೆಟ್ಟು ಕೂತಾಗ ಅತ್ತಿಗೆ ಬೆರಳು ತೋರಿಸಿದ್ದು ನನ್ನ ಕಡೆ.

“ಇವಳೇ ಸಾರ್, ಪೆಟ್ಟಿಗೆ ಬಾಗಿಲು ತೆಗೀತಾಳೆ. ಚಳಿ ತಾಗಿದ್ರೆ ಮುದುಡಲ್ವಾ?”

“ನಾನು ಮುಟ್ಟೇ ಇಲ್ಲ ಅತ್ತಿಗೆ!”

“ಲ್ಯಾಬಲ್ಲಿ ಅತ್ತಿಗೆ ಗಿತ್ತಿಗೆ ಅನ್ಬೇಡ.”

ನನ್ನದು ಹಂಗಾಮಿ ಕೆಲಸ. ಇನ್ನೊಂದು ಸಲ ಹೀಗಾದರೆ ಬರುವುದು ಬೇಡ ಎಂದರು ಸಾರ್. ಮನೆಯಲ್ಲಿ ಗಂಡನ ಮುಂದೆ ಕಣ್ಣೀರು ಹಾಕಿದೆ. “ಅಕ್ಕ ಸುಳ್ಳು ಹೇಳಲ್ಲ ಕಣೇ,” ಎಂದು ಆತ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿಕೊಂಡ. ಅಕ್ಕ ತಮ್ಮ ಇಬ್ಬರ ಮೇಲೂ ಸಿಟ್ಟು ಉರಿಯಿತು.

ಅದೇ ವಾರ ಅತ್ತಿಗೆ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಅಯ್ಯೋ ಎಂದೆ, ಬಾಯಿಮಾತಿಗೆ. ಆಕೆಯ ಮೇಜಿನ ಮೇಲೆ ಬಿದ್ದಿರುತ್ತಿದ್ದ ಪೆಟ್ಟಿಗೆಯ ಕೀಲಿ ನನ್ನ ಕೈಗೆ ಬಂತು, ಹೊಸ ತಟ್ಟೆಗೆ ಗೆರೆ ಎಳೆದು ಒಳಗಿಟ್ಟೆ. ಆಕೆ ಮಲಗಿದಲ್ಲಿಂದಲೇ ಫೋನು ಮಾಡಿ ಜೀವ ತಿಂದಳು.

“ಬಾಗಿಲು ತೆಗೆದ್ಯಾ?”

“ಇಲ್ಲ.”

“ಸುಳ್ಳು.”

ಮರುದಿನ ಸಾರ್ ಎದುರಿಗೇ ಬಾಗಿಲು ತೆಗೆದೆ. ಗೆರೆ ಮುಚ್ಚಿಹೋಗಿತ್ತು. ಏನು ಮಾಡಿದಿರಿ ಎಂದು ಕೇಳಿದರು. ಏನೂ ಮಾಡದೆ ಸುಮ್ಮನಿದ್ದೆ ಎಂದೆ.

ಕುಂಟುತ್ತ ಬಂದ ಅತ್ತಿಗೆಯನ್ನು ಸಾರ್ ನೇರವಾಗಿ ಕೇಳಿದರು: ಇಷ್ಟು ದಿನ ತೆಗೆದವರು ಯಾರು?

“ನಾನು ನೋಡ್ತಿದ್ದೆ ಸಾರ್. ಇವಳೇನಾದ್ರೂ ಮುಟ್ಟಿದಾಳಾ ಅಂತ.”

ನಾನು ಆಚೆ ಹೋದಾಗಲೆಲ್ಲ ಆಕೆ ತಟ್ಟೆಯನ್ನು ಹೊರಗೆ ತೆಗೆದು, ಎಸಿಯ ಚಳಿಯಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ತಪಾಸಣೆ ಮಾಡುತ್ತಿದ್ದಳಂತೆ. ಚಳಿಗೆ ಕೋಶದೊಳಗಿನ ಕೊಳವೆಯಂಥ ಎಳೆಗಳು ಕಳಚುತ್ತವೆ, ಅವುಗಳಿಗೆ ಅಂಟಿಕೊಂಡಿದ್ದ ಇನ್ನೊಂದು ಪ್ರೋಟೀನು ಬಿಡುಗಡೆಯಾಗಿ ರೋವನ್ನು ಎಬ್ಬಿಸುತ್ತದೆ ಎಂದು ಸಾರ್ ವಿವರಿಸಿದರು. ಅತ್ತಿಗೆ ಕುಂಟುತ್ತ ಹೋಗಿ ಸ್ಟೂಲಿನ ಮೇಲೆ ಕೂತಳು. ಪಾಪ ಅನ್ನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಕೆಲಸ ಉಳಿಯಿತು, ಕೀಲಿಯೂ ನನ್ನದಾಯಿತು. ಅತ್ತಿಗೆಯನ್ನು ಸಿಂಕಿನ ಹತ್ತಿರ ಬಾಟಲಿ ತೊಳೆಯಲು ಹಾಕಿದರು. ಮೊದಲ ದಿನವೇ ನಾನು ಕೀಲಿಯನ್ನು ಮೇಜಿನ ಮೇಲೇ ಬಿಟ್ಟು ಹೋಗಿ, ಊಟ ಮುಗಿಸಿ ಬಂದಾಗ ಆಕೆ ಒಬ್ಬಳೇ ಇದ್ದಳು. ತಲೆಗೆ ಅನುಮಾನ ಹೊಕ್ಕಿತು. ಸೇಡಿಗೆ ಏನಾದರೂ ಮಾಡಿಟ್ಟಿದ್ದರೆ? ಕೀಲಿ ತಿರುಗಿಸಿ ತಟ್ಟೆಯನ್ನು ಹೊರಗೆ ತೆಗೆದೆ, ಲೆನ್ಸಿನ ಕೆಳಗಿಟ್ಟು ಕಣ್ಣು ಹಚ್ಚಿದೆ.

“ನೋಡು, ಚೆನ್ನಾಗಿ ನೋಡು,” ಎಂದಳು ಅತ್ತಿಗೆ, ಬಾಟಲಿ ತೊಳೆಯುತ್ತ, ನನ್ನ ಕಡೆ ತಿರುಗದೆ. “ನಾಳೆ ಗೆರೆ ಮುಚ್ಚದಿದ್ರೆ ಸಾರ್‌ಗೆ ನನ್ನ ಹೆಸರು ಹೇಳು.”