ನಡು ಹಲಗೆಯ ಸದ್ದು

ಹೋದ ಭಾನುವಾರ ನಾನು ಒಂದು ದೋಣಿ ಕೊಳ್ಳಲು ಹೋಗಿದ್ದೆ.

ನಗಬೇಡಿ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಈ ಊರಿನಲ್ಲಿ ದೋಣಿ ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ನನ್ನ ಮನೆಯವಳೂ ಕೇಳಿದಳು. ನನಗೆ ಬೇಕಿದ್ದದ್ದು ದೋಣಿಯಲ್ಲ, ಅದರೊಳಗಿನ ಎಂಜಿನ್. ಯಶವಂತಪುರದಲ್ಲಿ ನನ್ನದು ಹಳೆಯ ಪಂಪ್‌ಸೆಟ್ಟು, ಮೋಟಾರು ಕೊಂಡು, ರಿಪೇರಿ ಮಾಡಿಸಿ ಮಾರುವ ಅಂಗಡಿ ಎಂದು ಈ ಅಂಕಣ ಓದುವವರಿಗೆಲ್ಲ ಗೊತ್ತು. (ಅರ್ಧ ಜನ ಓದುವುದೇ ಯಾವ ಪಂಪು ಕೊಳ್ಳಬಾರದು ಎಂದು ತಿಳಿಯಲಿಕ್ಕೆ.) ಎಲ್ಲೋ ಒಂದು ಎಂಜಿನ್ ಕೆಟ್ಟಿದೆ ಎಂದರೆ ನನಗೆ ಮದುವೆ ಊಟಕ್ಕೆ ಕರೆದ ಹಾಗೆ.

ದೋಣಿಯ ಯಜಮಾನ ಬಸವರಾಜ. ವಿಜಾಪುರದ ಕಡೆಯವನು, ಯಲಹಂಕದ ಹತ್ತಿರದ ಫ್ಯಾಕ್ಟರಿಯೊಂದರ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕೆಲಸ. ಹುಟ್ಟಿದ್ದು ಕೃಷ್ಣಾ ನದಿಯ ದಂಡೆಯಲ್ಲಿ. ವಾರವೆಲ್ಲ ಮರದ ಪೆಟ್ಟಿಗೆಗೆ ಮೊಳೆ ಹೊಡೆಯುವ ಈ ಮನುಷ್ಯ ಹಳೆ ಸಾಮಾನಿನ ಡಿಸ್ಪೋಸಲ್ ಹರಾಜಿನಲ್ಲಿ ಒಂದು ತಗಡಿನ ದೋಣಿ ಹಿಡಿದು, ನನ್ನ ಅಂಗಡಿಯಿಂದ ಸಣ್ಣ ಡೀಸೆಲ್ ಎಂಜಿನ್ ಕೊಂಡು ಅದಕ್ಕೆ ಕೂರಿಸಿ, ಅಲ್ಲಾಳಸಂದ್ರದ ಕೆರೆಗೆ ಇಳಿಸಿದ್ದ. ಭಾನುವಾರ ಬಂದರೆ ಲೇಔಟಿನ ಸಂಸಾರಗಳಿಗೆ ಒಂದು ಸುತ್ತು. ಲಾಭ ಏನೂ ಇಲ್ಲ ಎಂದು ನಾನು ಅವತ್ತೇ ಹೇಳಿದ್ದೆ.

"ಹೊಳಿ ಇಲ್ಲದ ಊರಾಗ ಕೆರಿನ ಹೊಳಿ ಅನ್ಕೊಂಡೀನ್ರಿ ಸಾವ್ಕಾರ್ರ" ಎಂದಿದ್ದ. ಅಂಥವನ ಹತ್ತಿರ ಚೌಕಾಸಿ ಮಾಡುವುದು ಕಷ್ಟ. ಆದರೂ ಮಾಡಿದ್ದೆ ಅನ್ನಿ.

ಈಗ ಅದೇ ಬಸವರಾಜ ಅಂಗಡಿಗೆ ಬಂದು, ಎಂಜಿನ್ ವಾಪಸ್ ತಗೊಳ್ಳಿ, ದೋಣಿಯನ್ನೂ ತಗೊಳ್ಳಿ ಎಂದು ಕೂತ. ಏನಾಯ್ತು?

ಸೌಂಡು. ಜನ ಹತ್ತಿ ದೋಣಿ ದಡ ಬಿಟ್ಟರೆ ಸಾಕು, ಕಟಕಟ ಕಟಕಟ ಎಂದು ಬಡಿತ. ಹೆಂಗಸರು ಮಕ್ಕಳನ್ನು ಅವುಚಿಕೊಂಡು, ವಾಪಸ್ ತಿರುಗಿಸಿ ಎಂದು ಕೂಗುವುದು. ಪಂಚಾಯ್ತಿ ಚೇರ್ಮನ್ನರ ಕಿವಿಗೂ ಬಿದ್ದು, ಈ ಭಾನುವಾರದೊಳಗೆ ಸದ್ದು ನಿಲ್ಲದಿದ್ದರೆ ದೋಣಿ ಎತ್ತಿಕೊಂಡು ಹೋಗು ಎಂದು ಹೇಳಿಬಿಟ್ಟಿದ್ದರು. ತಪ್ಪೇನಿಲ್ಲ. ಮಕ್ಕಳು ಕೂರುವ ದೋಣಿ.

"ಮೆಕ್ಯಾನಿಕ್ಕಿಗೆ ತೋರಿಸಿದೆಯಾ?" ಎಂದೆ.

"ಎರಡ ಸಲ ಬಿಚ್ಚಿಸಿ ನೋಡೇನ್ರಿ. ಒಮ್ಮೆ ಬೇರಿಂಗ್ ಅಂದ, ಒಮ್ಮೆ ಮತ್ತೊಂದ ಅಂದ. ಸಾಕಾತ್ರಿ."

ಇಲ್ಲಿ ನಿಮಗೊಂದು ಮಾತು. ಸ್ಪ್ಯಾನರ್ ಇಲ್ಲದೆ ಮಾಡಬಹುದಾದ ಪರೀಕ್ಷೆಗಳೆಲ್ಲ ಮುಗಿಯುವ ತನಕ ಯಾರ ಕೈಯಲ್ಲೂ ಎಂಜಿನ್ ಬಿಚ್ಚಿಸಬೇಡಿ. ಬಿಚ್ಚಿದ ಎಂಜಿನ್ ಒಡೆದ ಮನೆಯಿದ್ದ ಹಾಗೆ. ಮತ್ತೆ ಸೇರಿಸಬಹುದು, ಮೊದಲಿನ ಹಾಗೆ ಕೂರುವುದಿಲ್ಲ.

ಸರಿ, ಭಾನುವಾರ ಬೆಳಿಗ್ಗೆ ಕೆರೆಗೆ ಹೋದೆ. ದಡದಲ್ಲಿ ಬಸವರಾಜ, ಪಕ್ಕದಲ್ಲಿ ಮೆಕ್ಯಾನಿಕ್ ಜಯಣ್ಣ. (ಚಿಕ್ಕಜಾಲದವನು, ಟ್ರ್ಯಾಕ್ಟರು ಪಂಪಿನಲ್ಲಿ ಒಳ್ಳೆಯ ಕೈ. ದೋಣಿ ಅವನಿಗೂ ಹೊಸದು.) ಸ್ವಲ್ಪ ದೂರದಲ್ಲಿ, ಕೆರೆಯ ಏರಿಯ ಮೇಲೆ, ಒಬ್ಬ ಹೆಂಗಸು ಬಟ್ಟೆಯ ಗಂಟು ಹಿಡಿದು ನಿಂತಿದ್ದಳು.

"ನಮ್ಮ ಮನಿಯಾಕಿರಿ, ಗಂಗವ್ವ. ಬುತ್ತಿ ಕೊಡಾಕ ಬರ್ತಾಳ" ಎಂದ ಬಸವರಾಜ. ನಾನು ಅಷ್ಟಕ್ಕೇ ಬಿಟ್ಟೆ.

"ಈ ಸದ್ದು ಶುರುವಾದದ್ದು ಯಾವಾಗ?"

"ನಾಗರ ಪಂಚಮಿ ಆದ ಮ್ಯಾಲರಿ."

"ಆಗ ಏನಾದರೂ ಬದಲಾಯಿಸಿದ್ದೆಯಾ? ಆಯಿಲ್ಲು? ನೀರು ತಳ್ಳುವ ಫ್ಯಾನು?"

"ಏನೂ ಇಲ್ರಿ. ಪಂಚಮಿಗೆ ಈಕಿ ತವರಿಗೆ ಹೋಗಿದ್ಲು, ಉಂಡಿ ಕಟ್ಕೊಂಡು ಬಂದ್ಲು. ಉಂಡಿ ತಿಂದ್ರ ಎಂಜಿನ್ ಕೆಡತೈತೇನ್ರಿ?"

ಮೂವರೂ ನಕ್ಕೆವು. ಮೊದಲು ಅವರಿಬ್ಬರೇ ಹೋಗಿ ಬರಲಿ ಎಂದೆ. ಹಿಂದೆ, ಎಂಜಿನ್ನಿನ ಪಕ್ಕ ಇಬ್ಬರೂ ಕೂತು ಒಂದು ಸುತ್ತು ಹಾಕಿದರು. ಸದ್ದೇ ಇಲ್ಲ. ಹೊಲಿಗೆ ಮಿಷನ್ನಿನ ಹಾಗೆ ಓಡಿತು.

"ಅದೇ ಯೇಳಿದ್ನಲ್ಲ ಯಜಮಾನ್ರೇ" ಎಂದ ಜಯಣ್ಣ, "ನಾನು ಒಬ್ನೇ ಟ್ರಯಲ್ ನೋಡಿದ್ರೆ ಏನೂ ಇಲ್ಲ. ಜನ ಅತ್ತಿದ್ರೆ ಬತ್ತದೆ. ಲೋಡು ತಡೀತಿಲ್ಲ. ಬೋರ್ ಸವ್ದೋಗ್ಯದೆ. ಪಿಸ್ಟನ್ ಆಕ್ಬೇಕು."

ಸರಿಯಾದ ಮಾತಿನ ಹಾಗೇ ಕೇಳಿತು. ಜನ ಕೂತಿದ್ದರೂ ಹುಟ್ಟು ಹಾಕಿಕೊಂಡು ಹೋದರೆ ಸದ್ದಿಲ್ಲವಂತೆ. ಎಂಜಿನ್ ಓಡಿದರೆ ಉಂಟು, ನಿಲ್ಲಿಸಿದರೆ ಇಲ್ಲ. ಹಾಗಾದರೆ ಎಂಜಿನ್ನಿನದೇ ತಾನೇ?

ನಾನೂ ಹತ್ತಿದೆ. ಗಿರಾಕಿಯ ಹಾಗೆ ನಡುವಿನ ಹಲಗೆಯ ಮೇಲೆ ಕೂತೆ. ಎಂಜಿನ್ ಚಾಲೂ ಮಾಡಿ ದಡ ಬಿಟ್ಟರು ನೋಡಿ, ಕಟಕಟ ಕಟಕಟ. ತಗಡಿನ ದೋಣಿ ತಮಟೆಯಿದ್ದ ಹಾಗೆ, ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ತಿಳಿಯುವುದೇ ಇಲ್ಲ. ನಾನೂ ದೋಣಿಯ ಅಂಚು ಹಿಡಿದುಕೊಂಡೆ. (ನನಗೆ ಈಜು ಬರುವುದಿಲ್ಲ.) ಬಸವರಾಜನ ಮುಖ ನೋಡಿದೆ. ಮಗುವಿಗೆ ಜ್ವರ ಬಂದಾಗ ತಂದೆಯಾದವನ ಮುಖ ಹೇಗಿರುತ್ತದೋ ಹಾಗಿತ್ತು.

ಹಲಗೆ ಒದ್ದೆಯಾಗಿತ್ತು. ಪ್ಯಾಂಟು ನೆನೆಯಿತು ಎಂದು ಎದ್ದು ಮುಂದಿನ ಹಲಗೆಗೆ ಹೋದೆ.

ಸದ್ದು ನಿಂತಿತು.

"ಇಂಗೇ ಯಜಮಾನ್ರೇ, ಒಂದೊಂದು ಸಲ ತಾನೇ ನಿಂತ್ಬುಡ್ತದೆ" ಎಂದ ಜಯಣ್ಣ.

ತಾನೇ ನಿಲ್ಲುವ ಕಾಯಿಲೆ ನಾನು ನೋಡಿಲ್ಲ. ಮತ್ತೆ ನಡುವಿಗೆ ಬಂದು ಕೂತೆ. ಕಟಕಟ. ಮುಂದಕ್ಕೆ ಹೋದೆ. ಇಲ್ಲ. ನನ್ನ ತೂಕ ದೋಣಿಯಲ್ಲೇ ಇದೆ, ಎಂಜಿನ್ನಿಗೆ ಲೋಡು ಅಷ್ಟೇ ಇದೆ. ನಾನು ಒಂದು ಹಲಗೆ ದಾಟಿದರೆ ಪಿಸ್ಟನ್ನಿಗೆ ಹೇಗೆ ಗೊತ್ತಾಗುತ್ತದೆ?

ನಡು ಹಲಗೆಯ ಕೆಳಗೆ ಗೋಣಿಚೀಲದ ಪರದೆ. ಅದರ ಹಿಂದೆ ನೀರು ಗೋರುವ ಡಬ್ಬಿ. ಡಬ್ಬಿ ತೆಗೆದು ಬಸವರಾಜನ ಕೈಗೆ ಕೊಟ್ಟು ಕೂತೆ. ಸದ್ದು ಹಾಗೇ ಇತ್ತು. ಹಲಗೆಯಿಂದ ಎದ್ದು, ಬಗ್ಗಿ, ಕೈ ಒಳಗೆ ಹಾಕಿದೆ. ಕತ್ತಲ ಮೂಲೆಯಲ್ಲಿ ತಣ್ಣಗೆ ಏನೋ ಸಿಕ್ಕಿತು.

ಕುದುರೆ ಲಾಳ. ಕಪ್ಪು ದಾರದಲ್ಲಿ ಹಲಗೆಗೆ ಕಟ್ಟಿ ಇಳಿಬಿಟ್ಟಿದ್ದರು, ಜೊತೆಗೆ ಒಣಗಿದ ನಿಂಬೆಹಣ್ಣು. ಹಲಗೆ ಖಾಲಿ ಇದ್ದರೆ ಲಾಳ ಗಾಳಿಯಲ್ಲಿ ತೂಗುತ್ತದೆ. ಯಾರಾದರೂ ಕೂತರೆ ಹಲಗೆ ಬಾಗಿ ಲಾಳ ತಳದ ತಗಡಿಗೆ ತಾಗುತ್ತದೆ. ಎಂಜಿನ್ ಓಡಿದರೆ ತಗಡು ನಡುಗಿ ಅದನ್ನು ಕುಣಿಸುತ್ತದೆ. ಅಷ್ಟೇ ಕಥೆ.

ಬಾಯಿ ಮುಚ್ಚಿಕೊಂಡು ಪರದೆ ಇಳಿಸಿದ್ದರೆ ಆ ಎಂಜಿನ್ ಅಂದೇ ನನ್ನದು, ಅದೂ ಗುಜರಿಯ ರೇಟಿಗೆ. ಆದರೆ ಚೌಕಾಸಿಗೂ ಒಂದು ಮರ್ಯಾದೆ ಇದೆ. ವಸ್ತುವಿನ ಬೆಲೆ ಇಳಿಸಬಹುದು, ಮನುಷ್ಯನ ಕಣ್ಣಿಗೆ ಬಟ್ಟೆ ಕಟ್ಟಬಾರದು. ಲಾಳ ಬಿಚ್ಚಿ, ಎತ್ತಿ ತೋರಿಸಿದೆ.

ಬಸವರಾಜ ಅದನ್ನು ನೋಡಿದ. ಆಮೇಲೆ ಏರಿಯ ಕಡೆ ನೋಡಿದ. ದೋಣಿ ದಡಕ್ಕೆ ಬರುವಷ್ಟರಲ್ಲಿ ಗಂಗವ್ವ ನೀರಿನ ಅಂಚಿಗೆ ಬಂದಿದ್ದಳು.

"ನೀ ಕಟ್ಟಿದ್ದೇನ?"

"ಹೂಂ. ತವರಿಂದ ತಂದಿದ್ದೆ."

"ಎರಡ ಸಲ ಎಂಜಿನ್ ಬಿಚ್ಚಿಸೀನಿ. ದೋಣಿ ಮಾರಾಕ ನಿಂತೀನಿ. ಒಂದ ಮಾತ ಹೇಳಬಾರದಾ?"

"ಕಟ್ಟಿದ್ದ ಬಾಯಿಬಿಟ್ಟು ಹೇಳಿದ್ರ ಫಲ ಹೋಗತೈತಿ ಅಂತ ಅವ್ವ ಹೇಳ್ಯಾಳ. ಸಪ್ಪಳ ಇದರದ್ದು ಅಂತ ನನಗೇನ ಗೊತ್ತು? ನೀವು ಎಂಜಿನ್ ಎಂಜಿನ್ ಅಂದ್ರಿ, ನಾನೂ ಎಂಜಿನ್ ಅಂದೆ."

"ಸಣ್ಣಾಂವ ಇದ್ದಾಗಿಂದ ಹೊಳ್ಯಾಗ ಈಸೇನಿ. ನನಗ್ಯಾತರ ಅಂಜಿಕಿ?"

"ಅಂಜಿಕಿ ನಿಮಗಲ್ಲ" ಎಂದಳು ಗಂಗವ್ವ. "ನಮ್ಮೂರಾಗ ಬಾವ್ಯಾಗೂ ನೀರಿಲ್ಲ. ಇಷ್ಟ ನೀರು ನಾ ಎಂದ ನೋಡಿದ್ದೆ? ಮುಂಜಾನಿ ಬುತ್ತಿ ಕೊಟ್ಟು ಸಂಜಿತನ ಯಾಕ ನಿಲ್ತಾಳ ಅಂತ ಒಂದ ದಿನ ಕೇಳೀರೇನ?"

ಬಸವರಾಜ ಲಾಳವನ್ನು ನನ್ನ ಕೈಯಿಂದ ತೆಗೆದು ಆಕೆಯ ಕೈಗೆ ಕೊಟ್ಟ. ಜಯಣ್ಣ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಾ, "ಬೇರಿಂಗ್ ಮಾತ್ರ ನಿಜವಾಗ್ಲೂ ಸವ್ದಿತ್ತು ಕಣ್ರೀ" ಎಂದ. ಇರಬಹುದು.

ಇನ್ನು ವ್ಯವಹಾರ ನನ್ನ ಕೆಲಸ. "ನೋಡಮ್ಮ, ಇದನ್ನು ದೋಣಿಯ ಮೂತಿಗೆ ಕಟ್ಟಿಬಿಡೋಣ. ಬಾಗಿಲಿಗೆ ಕಟ್ಟಲ್ವಾ, ಹಾಗೆ" ಎಂದೆ.

"ಮೂತಿಗೆ ಕಟ್ಟಿದ್ರ ಮಂದಿ ದೃಷ್ಟಿಗಷ್ಟ ಆತ್ರಿ ಅಣ್ಣಾರ. ನೀರು ಇರೋದು ತಳಗ."

"ಹಾಗಾದ್ರೆ ಲಾಳ ಬೇಡ. ಗಾಳಿ ತುಂಬಿದ ಲಾರಿ ಟ್ಯೂಬ್ ಎರಡು ದೋಣಿಯಲ್ಲಿ ಇಡಿಸ್ತೀನಿ. ಮುಳುಗಿದ್ರೂ ಹಿಡ್ಕೊಂಡು ತೇಲಬಹುದು."

"ಟ್ಯೂಬೂ ಇರಲಿ. ಲಾಳನೂ ಇರಲಿ."

"ಸದ್ದು ಬಂದ್ರೆ ಚೇರ್ಮನ್ನರು ಬಿಡ್ತಾರಾ?"

ಗಂಗವ್ವ ಬುತ್ತಿಯ ಗಂಟು ಬಿಚ್ಚಿ ರೊಟ್ಟಿಯನ್ನು ಗಂಡನ ಕೈಯಲ್ಲಿಟ್ಟಳು. ಗಂಟಿನ ಬಟ್ಟೆ ಹಳೆಯ ಇಳಕಲ್ ಸೀರೆಯ ತುಂಡು. ಲಾಳಕ್ಕೆ ಅದನ್ನು ದಪ್ಪಗೆ ಸುತ್ತಿದಳು. ಆಮೇಲೆ ಗಂಡನ ತೋಳು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ದೋಣಿಯೊಳಗೆ ಒಂದು ಕಾಲಿಟ್ಟಳು. ಅವತ್ತು ಲಾಳ ಕಟ್ಟಿದ್ದು ಕತ್ತಲಾದ ಮೇಲೆ, ದಡಕ್ಕೆ ಎಳೆದಿಟ್ಟ ದೋಣಿಗಂತೆ. ನೀರಿನ ಮೇಲೆ ಕಾಲಿಟ್ಟದ್ದು ಇದೇ ಮೊದಲು. ಬಗ್ಗಿ, ಲಾಳವನ್ನು ಹಲಗೆಗೆ ಒತ್ತಿ ಬಿಗಿಯಾಗಿ ಕಟ್ಟಿ, ಆ ಹಲಗೆಯ ಮೇಲೆ ತಾನೇ ಕೂತಳು.

"ಹೂಂ, ಚಾಲೂ ಮಾಡ್ರಿ. ದಂಡಿಗಿ ಕಟ್ಟಿದ ಹಗ್ಗ ಬಿಚ್ಚಬ್ಯಾಡ್ರಿ" ಎಂದಳು.

ಎಂಜಿನ್ ಓಡಿತು. ಗಂಗವ್ವ ಎರಡೂ ಕೈಯಲ್ಲಿ ಹಲಗೆ ಹಿಡಿದು ಕಿವಿಗೊಟ್ಟಳು. ನಾವೆಲ್ಲ ಕಿವಿಗೊಟ್ಟೆವು. ಎಂಜಿನ್ ಬಿಟ್ಟರೆ ಬೇರೆ ಸದ್ದಿಲ್ಲ.

ಇಳಿಯುವ ಮೊದಲು ಇನ್ನೊಂದು ಕರಾರು ಹಾಕಿದಳು. ದೀಪ ಹಚ್ಚುವ ಹೊತ್ತಿಗೆ ದೋಣಿ ದಡದಲ್ಲಿರಬೇಕು. ಬಸವರಾಜ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಸಂಜೆಯ ಹೊತ್ತಿಗೆ ಚೇರ್ಮನ್ನರೇ ಮೊಮ್ಮಗಳನ್ನು ಕರೆತಂದು ನಡು ಹಲಗೆಯ ಮೇಲೆ ಕೂತು ಒಂದು ಸುತ್ತು ಹೋಗಿ ಬಂದರು ಎಂದು ಆಮೇಲೆ ತಿಳಿಯಿತು.

ಇಷ್ಟು ವರ್ಷ ಮಾರುಕಟ್ಟೆಯಲ್ಲಿ ಪಳಗಿದವನು ನಾನು. ಎಂಜಿನ್ ತರಲು ಹೋಗಿ, ಎರಡು ಲಾರಿ ಟ್ಯೂಬ್ ಕೊಡುವ ಮಾತು ಕೊಟ್ಟು ಬರಿಗೈಯಲ್ಲಿ ಮನೆಗೆ ಬಂದೆ. ಆಕೆ ಲಾಳವನ್ನೂ ಬಿಡಲಿಲ್ಲ, ದೋಣಿಯನ್ನೂ ಬಿಡಲಿಲ್ಲ. ಇಂಥ ಗಿರಾಕಿ ದಿನಕ್ಕೊಬ್ಬರು ಬಂದರೆ ನನ್ನ ಅಂಗಡಿ ಮುಚ್ಚಬೇಕು.

ಎಂಜಿನ್ ಸದ್ದು ಮಾಡಿದರೆ ಮೆಕ್ಯಾನಿಕ್ಕನ್ನು ಕರೆಯಿರಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು, ಏರಿಯ ಮೇಲೆ ಯಾರು ನಿಂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿದ್ದೀರಾ?