ಒಳಗಿರುವುದನ್ನು ಮರೆಯದ ಬಾಗಿಲಕ್ಕ

ಬೆಳಕಿನ್ನೂ ಕಿಟಕಿಯ ಅಂಚಿಗೆ ಬಂದಿಲ್ಲ. ಬ್ರೆಡ್ ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ಕುಳಿತ ಹೆಣ್ಣುಮಗಳೊಬ್ಬರ ಕಣ್ಣು ಕಂಪ್ಯೂಟರ್ ಪರದೆಯ ಮೇಲಿದೆ, ಕಿವಿ ಓವನ್ನಿನ ಕಡೆಗಿದೆ. ಆ ಉದ್ದನೆಯ ಓವನ್ನಿನೊಳಗೆ ಟ್ರೇಗಳು ಇರುವೆಸಾಲಿನಂತೆ ಸರಿಯುತ್ತಿವೆ. ಆಚೆ ತುದಿಯ ಬಾಗಿಲು ‘ಟಕ್’ ಎಂದು ತೆರೆದಾಗಲೆಲ್ಲ ಅವರ ಉಸಿರು ಹಗುರಾಗುತ್ತದೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಬಾಗಿಲಕ್ಕ ಎಂದೇ. ಬಾಗಿಲು ತೆಗೆಯುವುದು ಯಂತ್ರ. ಯಾವಾಗ ತೆಗೆಯಬೇಕೆಂದು ಅದಕ್ಕೆ ಹೇಳಿಕೊಡುವ ಪ್ರೋಗ್ರಾಂ ಇವರದು. ಊರು ಎದ್ದು ಮುಖ ತೊಳೆಯುವಷ್ಟರಲ್ಲಿ ಎಂಟು ಸಾವಿರ ಬ್ರೆಡ್ಡು ಈ ಹೊಸ್ತಿಲು ದಾಟಿರುತ್ತದೆ. ತಿಂದವರಿಗೆ ಇವರ ಸುಳಿವಿಲ್ಲ, ಇವರಿಗೆ ಅದರ ಬೇಸರವಿಲ್ಲ.

ಓವನ್ ಆರುವಂತಿಲ್ಲ, ಆರಿದರೆ ಮತ್ತೆ ಕಾಯಲು ಅರ್ಧ ದಿನ ಬೇಕು. ಹಾಗಾಗಿ ಓಡುತ್ತಿರುವ ಪ್ರೋಗ್ರಾಮನ್ನು ಓಡುತ್ತಿರುವಾಗಲೇ ತಿದ್ದಬೇಕು. ಒಂದು ಸಾಲು ಬರೆಯುವುದು, ರಿಲೋಡ್ ಮಾಡುವುದು, ಅಂದರೆ ತಿದ್ದಿದ್ದನ್ನು ಕಂಪ್ಯೂಟರಿಗೆ ಮತ್ತೆ ಓದಿಸುವುದು, ಏನಾಯಿತೆಂದು ನೋಡುವುದು. “ಕುದಿಯೋ ಹಾಲನ್ನ ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿದ ಹಾಗೆ. ಚೆಲ್ಲಬಾರದು,” ಎನ್ನುತ್ತಾರೆ.

ಮೊದಲ ವರ್ಷ ಚೆಲ್ಲಿತ್ತು. ಪ್ರೋಗ್ರಾಮಿನಲ್ಲಿ ಪ್ರತಿ ಟ್ರೇಗೂ ಒಂದು ಪ್ರತಿರೂಪವಿದೆ. ಎಲ್ಲವೂ ಒಂದೇ ಅಚ್ಚಿನಿಂದ ಬಂದವು. ಆ ಅಚ್ಚನ್ನು ಈ ಕಸುಬಿನವರು ಕ್ಲಾಸ್ ಎನ್ನುತ್ತಾರೆ. ಅಂದು ಅವರು ಅದರಲ್ಲಿ ಸಣ್ಣದೇನೋ ತಿದ್ದಿ ರಿಲೋಡ್ ಮಾಡಿದರು. ಕಂಪ್ಯೂಟರ್ ಹಳೆಯ ಅಚ್ಚನ್ನು ತಿದ್ದಲಿಲ್ಲ. ಅದೇ ಹೆಸರಿನ ಹೊಸ ಅಚ್ಚೊಂದನ್ನು ಎರಕ ಹೊಯ್ದಿತು. ಆಗಲೇ ಓವನ್ನಿನೊಳಗಿದ್ದ ಟ್ರೇಗಳು ಹಳೆಯ ಅಚ್ಚನ್ನೇ ಹಿಡಿದುಕೊಂಡಿದ್ದವು. ಬಾಗಿಲಿಗೆ ಗೊತ್ತಿದ್ದದ್ದು ಹೊಸದು ಮಾತ್ರ.

“ಹೆಸರು ಅದೇ, ಉದ್ದಗಲ ಅದೇ. ಆದ್ರೂ ಬಾಗಿಲು, ನೀನು ನಮ್ಮೋನಲ್ಲ ಅಂದ್ಬಿಡ್ತು, ತೆರೀಲೇ ಇಲ್ಲ. ಒಳಗಿದ್ದದ್ದೆಲ್ಲ ಇದ್ದಲಾಯ್ತು.”

ಓವನ್ ಮೇಸ್ತ್ರಿ ಇಂದಿಗೂ ಛೇಡಿಸುವುದನ್ನು ಬಿಟ್ಟಿಲ್ಲ. “ನಿನ್ನ ಬಾಗಿಲು ನಮ್ಮತ್ತೆ ಥರ ಕಣಮ್ಮ. ಅಳಿಯ ಅಂತ ಗೊತ್ತಿದ್ರೂ ಕಿಟಕಿಯಿಂದಾನೇ ಯಾರದು ಅಂತಾರೆ.”

ಎಲ್ಲರೂ ನಗುತ್ತಾರೆ. ಬಾಗಿಲಕ್ಕನ ನಗು ಮಾತ್ರ ಬೇಗ ಮುಗಿಯುತ್ತದೆ. ಪರದೆಯ ಮೂಲೆಗೆ ಅಂಟಿಸಿದ ಪುಟ್ಟ ಫೋಟೋದಲ್ಲಿ ಎರಡು ಜಡೆಯ ಮಗಳಿದ್ದಾಳೆ. ಗಂಡ ತೀರಿಕೊಂಡಾಗ ಕೂಸಿಗೆ ಮೂರು ವರ್ಷ. ನಸುಕಿನ ಪಾಳಿಗೆ ಹೊರಟರೆ ನೋಡಿಕೊಳ್ಳುವವರಿಲ್ಲದೆ, ದೂರದೂರಿನ ಅಕ್ಕನ ಮಡಿಲಿಗೆ ಹಾಕಿ ಬಂದರು. ಈಗ ನಾಲ್ಕು ವರ್ಷಗಳ ಮೇಲೆ, ಮುಂದಿನ ವಾರದಿಂದ ಶಾಲೆಯ ಹೊತ್ತಿಗೆ ಹೊಂದುವ ಹಗಲ ಪಾಳಿ ಸಿಕ್ಕಿದೆ. ಭಾನುವಾರ ಮಗಳು ಬರುತ್ತಾಳೆ, ಇಲ್ಲೇ ಇರಲಿಕ್ಕೆ.

ಹೋದ ಸಲ ನೋಡಲು ಹೋದಾಗ ಬಾಗಿಲು ತೆಗೆದವಳು ಮಗಳೇ. ಒಂದು ಗಳಿಗೆ ನೋಡಿ, ಒಳಗೆ ತಿರುಗಿ, “ಅಮ್ಮಾ, ಚಿಕ್ಕಮ್ಮ ಬಂದಿದ್ದಾರೆ” ಎಂದಳಂತೆ.

“ಅಕ್ಕ ಪಾಪ ಕುಗ್ಗಿಹೋದ್ಲು. ಇವಳೇ ಕಣೇ ನಿಮ್ಮಮ್ಮ ಅಂದ್ಲು. ಮಗು ಇಬ್ರನ್ನೂ ನೋಡ್ತು. ಅದರ ತಪ್ಪೇನಿದೆ ಹೇಳಿ? ಅದು ಹಿಡ್ಕೊಂಡಿರೋ ಅಮ್ಮ ಬೇರೆ.” ಓವನ್ನಿನ ಬಾಗಿಲು ಎರಡು ಸಲ ಸದ್ದು ಮಾಡುತ್ತದೆ.

ಬ್ರೆಡ್ ಸುಟ್ಟ ಆ ದಿನದಿಂದ ಅವರ ಕೆಲಸದ ರೀತಿಯೇ ಬೇರೆ. ರಿಲೋಡ್ ಮಾಡಿದ ಕೂಡಲೇ ಒಳಗಿರುವ ಟ್ರೇಗಳ ಪ್ರತಿರೂಪಗಳನ್ನು ಒಂದೊಂದಾಗಿ ಹೊಸ ಅಚ್ಚಿಗೆ ದಾಟಿಸುತ್ತಾರೆ. ಯಾವುದು ಎಷ್ಟು ಕಾದಿದೆ, ಎಷ್ಟು ಹೊತ್ತು ಬೆಂದಿದೆ, ಯಾವುದನ್ನೂ ಅಳಿಸುವುದಿಲ್ಲ. “ಹಳೇದನ್ನ ಎತ್ತಿ ಬಿಸಾಕಬಾರದು. ಅದರ ಬಿಸಿ ಅದಕ್ಕಿರಲಿ. ಕೈಹಿಡಿದು ಈಚೆಗೆ ಕರ್ಕೊಂಡು ಬರಬೇಕು.”

ಮನೆಯಲ್ಲೂ ಸಿದ್ಧತೆ ನಡೆದಿದೆ. ಹೊಸ ಹಾಸಿಗೆ ಕೊಂಡಿಲ್ಲ. ಮಗಳು ಹೊದೆಯುವ ಹಳೇ ಕಂಬಳಿ, ಕಿವಿ ಕಿತ್ತ ಬಟ್ಟೆಮೊಲ ಎಲ್ಲವನ್ನೂ ತರಲು ಅಕ್ಕನಿಗೆ ಹೇಳಿದ್ದಾರೆ. ಮಗಳು ಒಗ್ಗುವವರೆಗೆ ಅಕ್ಕನೂ ಇಲ್ಲೇ ಇರಬೇಕಂತೆ.

“ನಿನ್ನೆದುರೇ ಮಗಳು ನಿಮ್ಮಕ್ಕನ್ನ ಅಮ್ಮ ಅಂತಾಳಲ್ಲೇ, ತಡ್ಕೋತೀಯಾ?” ಮೇಸ್ತ್ರಿ ಈ ಸಲ ತಮಾಷೆ ಮಾಡುತ್ತಿಲ್ಲ.

ಬಾಗಿಲಕ್ಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

“ಯಾರನ್ನ ಬೇಕಾದ್ರೂ ಅನ್ಲಿ ಬಿಡಣ್ಣ. ಶಾಲೆ ಬಿಟ್ಟು ಬಂದು ತಟ್ಟಿದಾಗ ಬಾಗಿಲು ತೆಗೆಯೋಳು ನಾನಾಗಿದ್ರೆ ಸಾಕು.”