ಸೀರೆಯ ಒಳಗಿನ ವೀರಗಲ್ಲು

ಗಂಗರು ಕೋಲಾರದಿಂದಲೇ ಆಳಿದ್ದರು ಎಂದರೆ ನನ್ನ ಶಾಲೆಯ ಮಕ್ಕಳು ನಗುತ್ತಿದ್ದರು. ರಾಜರೆಲ್ಲ ದೂರದ ಊರಿನವರು ಎಂಬುದು ಅವರ ನಂಬಿಕೆ. ನಾನು ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್. ಆ ನಗು ತಡೆಯಲಾರದೆ ಮೊಬೈಲಿನಲ್ಲಿ ಸಣ್ಣ ಸಣ್ಣ ವಿಡಿಯೊ ಮಾಡಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕತೊಡಗಿದೆ. ಒಮ್ಮೆ ಕೆರೆಯ ತೂಬು, ಒಮ್ಮೆ ಶಿವಾರಪಟ್ಟಣದ ಕಲ್ಲು ಕೆತ್ತುವವರು.

ಹೋಳೂರಿನ ಆಚೆ ಒಂದು ಹಿಪ್ಪುನೇರಳೆ ತೋಟದ ಬದುವಿನಲ್ಲಿ ಹಸಿರು ಸೀರೆ ಉಡಿಸಿದ್ದ ಕಲ್ಲಿತ್ತು. ಊರವರಿಗೆ ಅದು ಅಮ್ಮ. ಸೀರೆಯ ಮೇಲಂಚಿನ ಆಚೆ ಕಂಡ ಕಲ್ಲಿನ ಕೆತ್ತನೆ ನೋಡಿದರೆ ವೀರಗಲ್ಲು ಅನ್ನಿಸಿತು. ಸುತ್ತ ಯಾರೂ ಇರಲಿಲ್ಲ. ನೆರಿಗೆ ಸರಿಸಿದೆ. ಕತ್ತಿ ಹಿಡಿದ ಗಂಡಸು, ಅವನ ಹಿಂದೆ ಮೂರು ಹಸು. ಖುಷಿಯಲ್ಲಿ ಕ್ಯಾಮೆರಾ ಮುಂದೆ ಹೇಳಿಬಿಟ್ಟೆ: ಇದು ದೇವತೆಯಲ್ಲ ಮಕ್ಕಳೇ, ಹಸು ಕಾಯಲು ಸತ್ತವನ ಕಲ್ಲು.

ವಿಡಿಯೊ ಗುಂಪಿಗೆ ಹಾಕಿದ ಮೂರನೆಯ ದಿನ ಪಾಠದ ನಡುವೆ ಫೋನು ಬಂತು. ಗಂಡಸಿನ ದನಿ, ಏರಿರಲಿಲ್ಲ.

"ಅಮ್ಮನ ಸೀರೆ ಎತ್ತಿದ್ದು ನೀವೇನಾ ಮೇಡಂ?"

ಆ ತೋಟದ ಮನೆಯವರ ಹಾಲು ಕರೆಯುವ ಹಸು ಬೆಳಿಗ್ಗೆಯಿಂದ ಏಳಲಾರದೆ ನೆಲ ಹಿಡಿದಿದೆಯಂತೆ. ಇವತ್ತೇ ಬರಬೇಕು, ಬರದಿದ್ದರೆ ಅವರೇ ಶಾಲೆಗೆ ಬರುತ್ತಾರಂತೆ. ಬೋರ್ಡಿನ ಮೇಲೆ ಅರ್ಧ ಬರೆದ ಪದ ಯಾವುದೆಂದೇ ಮರೆಯಿತು. ವಿಡಿಯೊ ಅಳಿಸಿದೆ. ಆದರೆ ಅದು ಯಾರ್ಯಾರ ಫೋನಿಗೆ ದಾಟಿತ್ತೋ. ಹೆಡ್‌ಮಾಸ್ಟರು ಹೋಗಬೇಡಿ ಅಂದರು. ಅವರು ಶಾಲೆಯ ಗೇಟಿಗೆ, ಮಕ್ಕಳ ಮುಂದೆ ಬಂದರೆ ಎಂದು ಯೋಚಿಸಿ, ಮಧ್ಯಾಹ್ನವೇ ಗಂಡನ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಜನರ ಭಯ. ಅರ್ಧ ದಾರಿಯಲ್ಲಿ ಇನ್ನೊಂದು ಭಯ ಸೇರಿಕೊಂಡಿತು. ಹಸು ನಿಜವಾಗಿಯೂ ನನ್ನಿಂದಲೇ ಬಿದ್ದಿದ್ದರೆ? ಇಷ್ಟು ವರ್ಷ ಮಕ್ಕಳಿಗೆ ಮೂಢನಂಬಿಕೆಯ ಪಾಠ ಹೇಳಿದವಳು ನಾನು.

ಅಂಗಳದಲ್ಲಿ ಹತ್ತು ಹದಿನೈದು ಗಂಡಸರು ನಿಂತಿದ್ದರು. ಗಂಡನನ್ನು ಗೇಟಿನ ಹತ್ತಿರವೇ ತಡೆದರು. ಹಸು ಕುತ್ತಿಗೆ ತಿರುಗಿಸಿಕೊಂಡು ಮಲಗಿತ್ತು. ದನದ ಡಾಕ್ಟರು ಕತ್ತಿನ ನರಕ್ಕೆ ಬಾಟಲಿ ಏರಿಸುತ್ತ, ಕರು ಹಾಕಿದ ಮೇಲೆ ಹೀಗಾಗುತ್ತದೆ, ರಕ್ತದಲ್ಲಿ ಸುಣ್ಣದಂಶ ಇಳಿದಿದೆ ಅನ್ನುತ್ತಿದ್ದರು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ನನ್ನ ಮೇಲೆ.

ಅಮ್ಮನಿಗೆ ಸೀರೆ ಉಡಿಸುವ ಮನೆಯ ಅಜ್ಜಿ ಹಸುವಿನ ಪಕ್ಕದ ನೆಲ ತೋರಿಸಿದಳು. "ಇದು ಎದ್ದೇಳೋ ತನಕ ಇಲ್ಲೇ ಕೂತ್ಕೋ ತಲ್ಲಿ," ಅಂದಳು, ತೆಲುಗಿನಲ್ಲಿ ತಾಯಿ ಎಂದು ಕರೆಯುವ ಹಾಗೆ.

ಕೂತೆ. ಏಳದಿದ್ದರೆ ಏನು ಎಂದು ಕೇಳುವ ಧೈರ್ಯ ಬರಲಿಲ್ಲ. ಹಸುವಿನ ಕಿವಿ ಮುಟ್ಟಿದೆ, ತಣ್ಣಗಿತ್ತು. ಅಜ್ಜಿಯೂ ಪಕ್ಕದಲ್ಲಿ ಕೂತು, ಗಂಡಸರಿಗೆ ಕೇಳದ ಹಾಗೆ ಕೇಳಿದಳು. "ಒಳಗೆ ಏನೈತೆ?"

ಅತ್ತೆ ಕಲಿಸಿದಂತೆ ಮದುವೆಯಾದಾಗಿಂದ ಅವಳು ಕಣ್ಣು ಮುಚ್ಚಿಯೇ ಸೀರೆ ಬದಲಾಯಿಸಿದ್ದಳಂತೆ. ಹೇಳಿದೆ. ಕತ್ತಿ ಹಿಡಿದ ಗಂಡಸು, ಹಿಂದೆ ಹಸುಗಳು.

"ಎಷ್ಟು ಹಸ?"

"ಮೂರು."

ಬಾಟಲಿ ಮುಗಿದು ಸುಮಾರು ಹೊತ್ತಾದ ಮೇಲೆ ಹಸುವಿನ ಮೈ ನಡುಗಿತು, ಸಗಣಿ ಹಾಕಿತು, ಹಿಂಗಾಲು ಊರಿ ಎದ್ದು ನಿಂತಿತು. ನನಗೆ ಏಳಲಾಗಲಿಲ್ಲ. ಅಜ್ಜಿಯೇ ತೋಳು ಹಿಡಿದು ಎಬ್ಬಿಸಿದಳು.

"ಸೀರೆ ಸರಿಸೋದು ಅಂದ್ರೆ ಅಮ್ಮ ಬಟ್ಟೆ ಬದಲಾಯಿಸೋ ಹೊತ್ತು. ಯಾರೂ ನೋಡಬಾರ್ದು. ಅದೊಂದು ತೆಗೆದು ಮಿಕ್ಕಿದ್ದು ಮಕ್ಕಳಿಗೆ ತೋರ್ಸು," ಅಂದಳು. ಗಂಡಸರು ದಾರಿ ಬಿಟ್ಟರು.

ಊರು ದಾಟಿದ ಮೇಲೆ ಗಂಡನಿಗೆ ಸ್ಕೂಟರ್ ನಿಲ್ಲಿಸಲು ಹೇಳಿ ವಾಂತಿ ಮಾಡಿಕೊಂಡೆ. ಎರಡು ವಾರ ಫೋನನ್ನೇ ಮುಟ್ಟಲಿಲ್ಲ. ಆಮೇಲೆ ಹೊಸ ವಿಡಿಯೊ ಮಾಡಿದೆ. ಕಲ್ಲಿನ ಮೇಲೆ ಸೀರೆ ಹಾಗೆಯೇ ಇತ್ತು, ಕತ್ತಿ ಹಿಡಿದವನನ್ನೂ ಮೂರು ಹಸುಗಳನ್ನೂ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ದೇವತೆಯಲ್ಲ ಎಂಬ ಮಾತು ಅದರಲ್ಲಿಲ್ಲ.